ಉಡದಾರ ಬಿಗಿಯಾದಾಗ ಏನು ಮಾಡಬೇಕು

ನನ್ನ ತೂಕ ಏರಿದೆ ಅಂತ ಮೊದಲು ಹೇಳಿದ್ದು ನನ್ನ ಉಡದಾರ. ಒಂದಿನ ಸ್ನಾನಕ್ಕೆ ಹೋದಾಗ ನೋಡಿದೆ, ನಡುವಿನ ಸುತ್ತ ಕೆಂಪು ಗೆರೆ ಬಿದ್ದಿತ್ತು. ದಾರ ಚರ್ಮದಲ್ಲಿ ಹೂತು ಕೂತಿತ್ತು. ಗಂಟು ಬಿಚ್ಚಿ ಸಡಿಲ ಮಾಡಿ ಮತ್ತೆ ಕಟ್ಟಿಕೊಂಡೆ. ಮೂರು ವರ್ಷದಲ್ಲಿ ನಾಲ್ಕು ಸಲ ಹೀಗೆ ಮಾಡಿದ ಮೇಲೆ ದಾರವೇ ಸಾಲದಾಯಿತು. ಹೊಸದು ಕೊಳ್ಳಲು ಹೋದರೆ ಅಂಗಡಿಯವನು ನನ್ನ ಹೊಟ್ಟೆ ನೋಡಿ, "ಉದ್ದಂದು ಕೊಡ್ಲೇನ್ರಿ ಸರ?" ಅಂದ. ಆಗ ನನ್ನ ವಯಸ್ಸು 44, ಎತ್ತರ 168 ಸೆಂ.ಮೀ., ತೂಕ 86 ಕೆಜಿ.

ನಾನು ಡಾಕ್ಟರ್ ಅಲ್ಲ. ಬಾಗಲಕೋಟೆಯ ನವನಗರದಲ್ಲಿ ಕುರ್ಚಿ ಮೇಲೆ ಕೂತು ಮಂದಿಯ ಲೆಕ್ಕ ಬರೆಯುವವನು. ಹಾಗಾಗಿ ತೂಕದ ವಿಷಯದಲ್ಲೂ ನನಗೆ ಹೊಳೆದ ದಾರಿ ಲೆಕ್ಕದ ದಾರಿಯೇ. ಹದಿನಾಲ್ಕು ತಿಂಗಳಲ್ಲಿ 77 ಕೆಜಿಗೆ ಬಂದೆ. ಈಗ 78, 79ರ ಆಸುಪಾಸು ಆಡುತ್ತಿದೆ. ದೊಡ್ಡ ಸಾಧನೆ ಅಂತ ಹೇಳ್ತಿಲ್ಲ. ಮೊದಲು ಮೂರು ಸಲ ಇಳಿಸಿ ಮೂರು ಸಲವೂ ಬಡ್ಡಿ ಸಮೇತ ವಾಪಸ್ ಪಡೆದವನು ನಾನು. ಈ ಸಲ ಯಾಕೆ ನಿಂತಿತು ಅನ್ನೋದನ್ನ ಹಂತ ಹಂತವಾಗಿ ಬರೆಯುತ್ತೇನೆ.

ಹಂತ 1: ದಾರದಿಂದ ಅಳೆಯಿರಿ

ತಕ್ಕಡಿ ಆಮೇಲೆ. ಮೊದಲು ಒಂದು ಉದ್ದ ದಾರ ತಗೊಳ್ಳಿ. ಗೋಡೆಗೆ ಬೆನ್ನು ಕೊಟ್ಟು ನಿಂತು, ನೆತ್ತಿಯಿಂದ ಹಿಮ್ಮಡಿವರೆಗೆ ಯಾರಾದರೂ ಹಿಡಿದು ಕತ್ತರಿಸಲಿ. ಅದನ್ನು ಸರಿಯಾಗಿ ಅರ್ಧಕ್ಕೆ ಮಡಚಿ ಹೊಕ್ಕಳ ಮಟ್ಟದಲ್ಲಿ ನಡುವಿಗೆ ಸುತ್ತಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ, ಉಸಿರು ಬಿಟ್ಟು ನಿಲ್ಲಿ. ದಾರದ ಎರಡು ತುದಿ ಕೂಡಿದರೆ ಸರಿ. ಕೂಡದಿದ್ದರೆ ಹೊಟ್ಟೆಯ ಬೊಜ್ಜು ಜಾಸ್ತಿ ಆಗಿದೆ ಅಂತ ಅರ್ಥ. ನಡುವಿನ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು, ಅಷ್ಟೇ ಲೆಕ್ಕ. ನನ್ನ ದಾರದ ತುದಿಗಳ ನಡುವೆ ಒಂದು ಗೇಣಿಗೆ ಸ್ವಲ್ಪ ಕಡಿಮೆ ಅಂತರ ಇತ್ತು. ಟೇಪಿನಲ್ಲಿ ನೋಡಿದರೆ ನಡು 102 ಸೆಂ.ಮೀ. ನನ್ನ ಎತ್ತರಕ್ಕೆ 84 ಸಾಕಿತ್ತು.

ಟೇಪು ಇದ್ದರೆ ಇನ್ನೊಂದು ಗುರುತು: ನಮ್ಮ ದೇಶದ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು.

ಆಮೇಲೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ಹೇಳುವ ಅಂಕಿ. ತೂಕವನ್ನು ಎತ್ತರದ ಮೀಟರಿನಿಂದ ಎರಡು ಸಲ ಭಾಗಿಸಿ. ನನ್ನದು 86 ಭಾಗಿಸು 1.68, ಮತ್ತೆ ಭಾಗಿಸು 1.68, ಅಂದರೆ 30.5. ಭಾರತೀಯರಿಗೆ 23ರಿಂದಲೇ ತೂಕ ಜಾಸ್ತಿ, 25ರಿಂದ ಬೊಜ್ಜು ಅಂತ ನಮ್ಮ ವೈದ್ಯರು ಲೆಕ್ಕ ಹಿಡಿಯುತ್ತಾರೆ. ಹೊರದೇಶದ ಪಟ್ಟಿಯಲ್ಲಿ ಅದು 25 ಮತ್ತು 30. ನಮಗೆ ಯಾಕೆ ಕಡಿಮೆ? ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಇದನ್ನು ತಮ್ಮ ಮೈಮೇಲೆಯೇ ತೋರಿಸಿದ್ದಾರೆ. ಅವರ ಮತ್ತು ಲಂಡನ್ನಿನ ಗೆಳೆಯ ಜಾನ್ ಯುಡ್ಕಿನ್ ಅವರ ಬಿಎಂಐ ಎರಡೂ 22.3. ಕೊಬ್ಬು ಅಳೆದಾಗ ಯುಡ್ಕಿನ್ ಮೈಯಲ್ಲಿ 9.1%, ಯಾಜ್ಞಿಕ್ ಮೈಯಲ್ಲಿ 21.2%! 2004ರಲ್ಲಿ ಇಬ್ಬರೂ ಸೇರಿ ಇದನ್ನು ಪ್ರಕಟಿಸಿದರು. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಅನ್ನೋ ಮೈಕಟ್ಟು ನಮ್ಮಲ್ಲಿ ಎಷ್ಟಿದೆ ನೋಡಿ. ಅದಕ್ಕೇ ತಕ್ಕಡಿಗಿಂತ ದಾರದ ಮೇಲೆ ನನಗೆ ನಂಬಿಕೆ ಜಾಸ್ತಿ.

ಹಂತ 2: ಯಾಕೆ ಏರಿತು ಅಂತ ಲೆಕ್ಕ ಹಾಕಿ

ಇಲ್ಲಿ ಸ್ವಲ್ಪ ನಿಧಾನ ಓದಿ. ಇದು ತಿಳಿಯದೆ ಮಾಡಿದ್ದಕ್ಕೇ ನನ್ನ ಮೊದಲ ಮೂರು ಪ್ರಯತ್ನ ಹಾಳಾದದ್ದು.

ನಮ್ಮಪ್ಪ ಒಕ್ಕಲುತನ ಮಾಡುತ್ತಿದ್ದರು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಮನೆಗೆ. ಬುತ್ತಿಯಲ್ಲಿ ನಾಲ್ಕು ಬಿಳಿಜೋಳದ ರೊಟ್ಟಿ, ಜುಣಕ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ರಾತ್ರಿ ಮತ್ತೆ ನಾಲ್ಕು ರೊಟ್ಟಿ, ಮೇಲೆ ಅನ್ನ, ಸಾರು. ಅಷ್ಟು ಉಂಡರೂ ಅಪ್ಪನ ಉಡದಾರ ಸಾಯುವವರೆಗೂ ನಡುವಿನ ಮೇಲೆ ಜೋತಾಡುತ್ತಿತ್ತು.

ಆಲಮಟ್ಟಿಯ ಹಿನ್ನೀರು ಬಂತು. ಹೊಲ ಮುಳುಗಿತು. ಹಳೇ ಊರಿನ ಎಷ್ಟೋ ಮನೆಗಳ ಹಾಗೆ ನಾವೂ ಗಂಟುಮೂಟೆ ಕಟ್ಟಿಕೊಂಡು ನವನಗರದ ಸೆಕ್ಟರಿಗೆ ಬಂದೆವು. ಎತ್ತು ಹೋದವು, ಕುಂಟೆ, ಕೂರಿಗೆ ಹೋದವು. ಊಟ ಮಾತ್ರ ನಮ್ಮ ಜೊತೆಗೇ ಬಂತು. ನಾನು ಕುರ್ಚಿ ಮೇಲೆ ಕೂತು ಅಪ್ಪನ ಊಟ ಉಂಡೆ.

ಲೆಕ್ಕ ನೋಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಪಟ್ಟಿಯ ಪ್ರಕಾರ 65 ಕೆಜಿಯ ಗಂಡಸು ಮೈಮುರಿದು ದುಡಿದರೆ ದಿನಕ್ಕೆ 3,470 ಕ್ಯಾಲರಿ ಬೇಕು. ಅದೇ ಗಂಡಸು ಕೂತು ಕೆಲಸ ಮಾಡಿದರೆ 2,110 ಸಾಕು. ನಡುವಿನ ಅಂತರ 1,360. ಐವತ್ತು ಗ್ರಾಂ ಹಿಟ್ಟಿನ ಒಂದು ರೊಟ್ಟಿಗೆ ಸುಮಾರು 170 ಕ್ಯಾಲರಿ ಅಂತ ಹಿಡಿದರೆ ಅದು ಎಂಟು ರೊಟ್ಟಿ! ಹೆಂಗಸರಿಗೆ 2,720 ಮತ್ತು 1,660, ಅಂದರೆ ಆರು ರೊಟ್ಟಿ. ನಮ್ಮ ಅಜ್ಜಿ ಬೀಸುಕಲ್ಲಿನಲ್ಲಿ ಬೀಸಿ, ನೀರು ಹೊತ್ತು, ಕಳೆ ತೆಗೆದು ಆ ಆರು ರೊಟ್ಟಿ ಕರಗಿಸುತ್ತಿದ್ದಳು. ಈಗ ಗಿರಣಿ ಇದೆ, ನಳ ಇದೆ, ಮಿಕ್ಸರ್ ಇದೆ. ಬ್ಯಾಡ ಅನ್ನೋಕಾಗುತ್ತಾ? ಅಜ್ಜಿ ಕಷ್ಟ ನೋಡಿದವರು ಯಾರೂ ಬೀಸುಕಲ್ಲು ವಾಪಸ್ ಬರಲಿ ಅನ್ನೋದಿಲ್ಲ.

ಇನ್ನೊಂದು ಕಡೆಯಿಂದ ಪಾಕೀಟಿನ ತಿಂಡಿ ಬಂತು. 2019ರಲ್ಲಿ ಅಮೆರಿಕದ ಕೆವಿನ್ ಹಾಲ್ ಎಂಬ ವಿಜ್ಞಾನಿ 20 ಜನರಿಗೆ ಎರಡು ವಾರ ಕಾರ್ಖಾನೆಯ ತಿನಿಸು, ಎರಡು ವಾರ ಮಾಮೂಲಿ ಅಡುಗೆ ಕೊಟ್ಟು ನೋಡಿದರು. ಎಷ್ಟು ಬೇಕೋ ಅಷ್ಟು ತಿನ್ನಿ ಅಂದಿದ್ದರು. ಕಾರ್ಖಾನೆ ತಿನಿಸು ಇದ್ದ ದಿನಗಳಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲರಿ ಜಾಸ್ತಿ ತಿಂದರು. ತಿಂದದ್ದು ಅವರಿಗೇ ತಿಳಿಯಲಿಲ್ಲ. ಚಹಾದ ಜೊತೆ ಖಾರಿ, ಟೋಸ್ಟ್ ಅದ್ದಿಕೊಂಡು ಒಂದು ಪಾಕೀಟು ಖಾಲಿ ಮಾಡಿದವರಿಗೆ ಇದು ಗೊತ್ತಿರೋದೇ.

2019ರಿಂದ 2021ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಬಿಎಂಐ 25 ದಾಟಿದ ಹೆಂಗಸರು 24%, ಗಂಡಸರು ಸುಮಾರು 23%. ನಾಲ್ವರಲ್ಲಿ ಒಬ್ಬರು ಅನ್ನಿ. ನಾಲ್ವರಲ್ಲಿ ಒಬ್ಬರೂ ಏಕಕಾಲಕ್ಕೆ ಸೋಮಾರಿಗಳಾದರು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಹಂತ 3: ಒಂದು ವಾರ ಏನೂ ಬದಲಿಸದೆ ಬರೆದಿಡಿ

ಸಣ್ಣ ನೋಟ್‌ಬುಕ್ ಕಿಸೆಯಲ್ಲಿ ಇಟ್ಟುಕೊಳ್ಳಿ. ಬಾಯಿಗೆ ಹೋದದ್ದೆಲ್ಲ ಬರೆಯಿರಿ. ಆಫೀಸಿನಲ್ಲಿ ಯಾರೋ ಕೊಟ್ಟ ಪೇಢೆಯ ತುಣುಕು, ಮಗ ಬಿಟ್ಟ ಅರ್ಧ ಚಪಾತಿ, ರಾತ್ರಿ ಮೊಬೈಲ್ ನೋಡುತ್ತಾ ತಿಂದ ಚೂಡಾ, ಎಲ್ಲ. ಈ ವಾರ ಉಪವಾಸ, ಪಥ್ಯ ಏನೂ ಬೇಡ. ನಿಮ್ಮ ತೂಕದ ಗುಟ್ಟು ಊಟದಲ್ಲಿಲ್ಲದೆ ಊಟದ ನಡುವೆ ಇರಬಹುದು.

ನನ್ನದು ಚಹಾದಲ್ಲಿತ್ತು. ಆಫೀಸಿನ ಕೆಳಗಿನ ಗಾಡಿಯಲ್ಲಿ ಅರ್ಧ ಕಪ್ಪು, ಅರ್ಧ ಕಪ್ಪು ಅಂತ ದಿನಕ್ಕೆ ಏಳು ಆಗುತ್ತಿತ್ತು. "ಅರ್ಧ ಕಪ್ಪಿಗೆ ಏನಾಗ್ತದ" ಅಂತ ನಾನೇ ಎಷ್ಟು ಸಲ ಅಂದಿದ್ದೇನೋ. ಒಂದಿನ ಗಾಡಿಯವನನ್ನೇ ಕೇಳಿದೆ, "ಕಾಕಾ, ಅರ್ಧ ಕಪ್ಪಿಗೆ ಸಕ್ರಿ ಎಷ್ಟ್ ಬೀಳ್ತದ?" ಅವನು ಸಕ್ಕರೆ ಚಮಚ ಎತ್ತಿ ತೋರಿಸಿದ, ಎರಡು. "ಕಮ್ಮಿ ಹಾಕಿದ್ರ ಮಂದಿ ಬರೂದಿಲ್ರಿ" ಅಂದ. ಮನೆಗೆ ಬಂದು ಅಷ್ಟೇ ಸಕ್ಕರೆ ತೂಗಿದೆ, 10 ಗ್ರಾಂ. ಏಳು ಚಹಾಕ್ಕೆ 70 ಗ್ರಾಂ. ಬಟ್ಟಲಲ್ಲಿ ಸುರುವಿದರೆ ಸಣ್ಣ ಗುಡ್ಡ! ಹಾಲು ಬಿಟ್ಟು ಬರೀ ಸಕ್ಕರೆಯಿಂದಲೇ 280 ಕ್ಯಾಲರಿ. ಸಕ್ಕರೆ 50 ಗ್ರಾಂ ದಾಟಬಾರದು, 25ರೊಳಗೆ ಇದ್ದರೆ ಇನ್ನೂ ಒಳ್ಳೆಯದು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಈಗ ದಿನಕ್ಕೆ ಎರಡು ಚಹಾ, ಸಕ್ಕರೆ ಒಂದೇ ಚಮಚ. ಮೊದಲ ಹತ್ತು ದಿನ ಬಾಯಿಗೆ ಹಿಡಿಸಲಿಲ್ಲ, ಆಮೇಲೆ ಹಳೇ ಚಹಾವೇ ಪಾಕದ ಹಾಗೆ ಅನ್ನಿಸತೊಡಗಿತು. ಸಕ್ಕರೆ ಬಿಟ್ಟು ಬೆಲ್ಲ ಹಾಕಿಕೊಂಡರೆ ಆಗೋದಿಲ್ಲವಾ ಅಂತ ಕೇಳಬೇಡಿ. ಮಹಾಲಿಂಗಪುರದ ಬೆಲ್ಲಕ್ಕೆ ನನ್ನ ನಮಸ್ಕಾರ ಇದೆ, ಆದರೆ ಕ್ಯಾಲರಿ ಲೆಕ್ಕದಲ್ಲಿ ಬೆಲ್ಲವೂ ಸಕ್ಕರೆಯೂ ಅಣ್ಣತಮ್ಮ.

ಹಂತ 4: ಎಣ್ಣೆ ಕ್ಯಾನಿನ ಮೇಲೆ ತಾರೀಖು ಬರೆಯಿರಿ

ಇದು ನನ್ನ ಹೆಂಡತಿಯ ಉಪಾಯ. ಐದು ಲೀಟರಿನ ಕ್ಯಾನು ಒಡೆದ ದಿನ ಪೆನ್ನಿನಿಂದ ತಾರೀಖು ಹಾಕಿದಳು. 29 ದಿನಕ್ಕೆ ಖಾಲಿ. ನಾಲ್ಕು ಜನಕ್ಕೆ ಐದು ಲೀಟರ್ ಅಂದರೆ ತಲೆಗೆ ತಿಂಗಳಿಗೆ ಒಂದೂಕಾಲು ಲೀಟರ್. ಅರ್ಧ ಲೀಟರಿನ ಹತ್ತಿರ ಸಾಕು ಅನ್ನುತ್ತಾರೆ ಆಹಾರ ತಜ್ಞರು. ಎಣ್ಣೆ ಯಾವುದೇ ಇರಲಿ, ಶೇಂಗಾ, ಕುಸುಬೆ, ಸೂರ್ಯಕಾಂತಿ, ಒಂದು ಗ್ರಾಮಿಗೆ 9 ಕ್ಯಾಲರಿ. ಹಿಟ್ಟಿಗೂ ಸಕ್ಕರೆಗೂ ಗ್ರಾಮಿಗೆ ಸುಮಾರು 4. ಒಗ್ಗರಣೆಗೆ ಕ್ಯಾನಿನಿಂದ ನೇರ ಸುರಿಯೋದು ಬಿಟ್ಟು ಚಮಚದಲ್ಲಿ ಅಳೆದು ಹಾಕಿದ್ದಷ್ಟೇ ನಾವು ಮಾಡಿದ ಬದಲಾವಣೆ. ಎಣಗಾಯಿಯ ಮೇಲೆ ತೇಲುವ ಎಣ್ಣೆ ಕಾಣದೆ ಮೊದಮೊದಲು ಬೇಜಾರಾಯಿತು. ಈಗ ಕ್ಯಾನು 48 ದಿನ ಬರುತ್ತದೆ. ಕಡಿಮೆ ಆದದ್ದು ನಾಲ್ಕೂ ಜನರಿಗೆ, ಯಾರೂ ಪಥ್ಯ ಮಾಡದೆ.

ಹಂತ 5: ಗಂಗಾಳದಲ್ಲಿ ಜಾಗ ಬದಲಿಸಿ

ರೊಟ್ಟಿ ತಿಂದರೆ ತೂಕ ಇಳಿಯುತ್ತದೆ, ಅನ್ನ ತಿಂದರೆ ಏರುತ್ತದೆ ಅಂತ ಬೆಂಗಳೂರಿನ ನೆಂಟರು ನಮ್ಮನ್ನು ನೋಡಿ ಹೊಟ್ಟೆ ಉರ್ಕೊಳ್ತಾರೆ. ಖರೆ ಹೇಳಬೇಕಂದರೆ 100 ಗ್ರಾಂ ಜೋಳದ ಹಿಟ್ಟಿಗೂ 100 ಗ್ರಾಂ ಅಕ್ಕಿಗೂ ಕ್ಯಾಲರಿಯಲ್ಲಿ ಹೆಚ್ಚು ಫರಕಿಲ್ಲ, ಎರಡೂ 330ರಿಂದ 360ರ ಒಳಗೆ. ಜೋಳದ ಲಾಭ ನಾರಿನಲ್ಲಿದೆ. ಜೋಳದಲ್ಲಿ 10 ಗ್ರಾಂ, ಅಕ್ಕಿಯಲ್ಲಿ ಮೂರಕ್ಕೂ ಕಡಿಮೆ. ಅಗಿಯಲು ಹೊತ್ತು ಬೇಕು, ಹೊಟ್ಟೆ ತುಂಬಿದ್ದು ಬೇಗ ತಿಳಿಯುತ್ತದೆ. ಆದರೆ ಆರು ರೊಟ್ಟಿ ತಿಂದರೆ ಆರು ರೊಟ್ಟಿಯದ್ದೇ ಲೆಕ್ಕ. ಕಡಕ್ ರೊಟ್ಟಿ ತೆಳ್ಳಗಿದೆ ಅಂತ ಎಣಿಸದೆ ಮುರಿಯುತ್ತಾ ಹೋಗೋದೂ ಅಷ್ಟೇ.

ನಾನು ಹೀಗೆ ಮಾಡಿಕೊಂಡೆ. ಗಂಗಾಳದ ಅರ್ಧ ಜಾಗಕ್ಕೆ ಮೊದಲು ಪಲ್ಯ ಮತ್ತು ಹಸಿ ತರಕಾರಿ. ಹಕ್ಕರಕಿ, ಮೆಂತೆಪಲ್ಯ, ಮೂಲಂಗಿ, ಸವತಿಕಾಯಿ, ಗಜ್ಜರಿ, ಉಳ್ಳಾಗಡ್ಡಿ ತಪ್ಪಲು. ಇದನ್ನೆಲ್ಲ ಹಸಿಹಸಿ ತಿನ್ನೋ ರೂಢಿ ನಮ್ಮಲ್ಲಿ ಮೊದಲಿಂದಲೂ ಇದೆ, ನಾವೇ ಮರೆತದ್ದು. ಕಾಲು ಭಾಗಕ್ಕೆ ಕಾಳು: ಮಡಿಕೆ ಅಥವಾ ಹೆಸರುಕಾಳಿನ ಉಸುಳಿ, ಗಟ್ಟಿ ಬ್ಯಾಳಿ, ತಿನ್ನುವವರಿಗೆ ತತ್ತಿ. ಉಳಿದ ಕಾಲು ಭಾಗಕ್ಕೆ ಎರಡು ರೊಟ್ಟಿ. ಎರಡೂ ರೊಟ್ಟಿ ತಿಂದ ದಿನ ಅನ್ನ ಇಲ್ಲ, ಅನ್ನ ಬೇಕೆನಿಸಿದರೆ ಒಂದು ರೊಟ್ಟಿ ಕಡಿಮೆ. ಹಸಿವಾದರೆ ಎರಡನೇ ಸಲ ನೀಡಿಸಿಕೊಳ್ಳೋದು ಪಲ್ಯ, ಕಾಳು.

ಶೇಂಗಾ ಹಿಂಡಿಯ ವಿಷಯ ನೋವಿನಿಂದಲೇ ಬರೆಯುತ್ತಿದ್ದೇನೆ. ನೂರು ಗ್ರಾಂ ಶೇಂಗಾದಲ್ಲಿ 500ಕ್ಕೂ ಜಾಸ್ತಿ ಕ್ಯಾಲರಿ. ಒಳ್ಳೆಯ ತಿನಿಸೇ, ಬಿಡಬೇಕಿಲ್ಲ. ಆದರೆ ಹಿಂಡಿಯ ನಡುವೆ ಕುಣಿ ಮಾಡಿ ಎಣ್ಣೆ ಸುರಿದುಕೊಳ್ಳೋದು ಬಿಟ್ಟೆ, ಒಂದು ಚಮಚ ಹಿಂಡಿಗೆ ಮೊಸರು ಕಲಸುತ್ತೇನೆ. ಅಮೀನಗಡದ ಕರದಂಟು ಮನೆಗೆ ಬಂದರೆ ಅದೇ ದಿನ ನೆರೆಮನೆಗಳಿಗೆ ಹಂಚಿಬಿಡಿ. ಡಬ್ಬಿಯಲ್ಲಿಟ್ಟು ಮನಸ್ಸು ಗಟ್ಟಿ ಮಾಡಿಕೊಳ್ಳುತ್ತೇನೆ ಅನ್ನೋದೆಲ್ಲ ಸುಳ್ಳು, ನಾನು ಮಾಡಿ ನೋಡಿದ್ದೇನೆ.

ಸೋಮವಾರದ ಉಪವಾಸ ನಂಬಿ ಕೂತವರಿಗೂ ಒಂದು ಮಾತು. ಸಾಬೂದಾನಿ ಖಿಚಡಿ, ಅದಕ್ಕೆ ಶೇಂಗಾ ಪುಡಿ, ಮೇಲೆ ಎರಡು ಬಾಳೆಹಣ್ಣು, ಒಂದು ಲೋಟ ಹಾಲು. ಇದು ದಿನದ ಊಟಕ್ಕಿಂತ ಕಡಿಮೆ ಏನಲ್ಲ ಅಲ್ವಾ?

ಹಂತ 6: ನಡೆಯಿರಿ, ಆದರೆ ನಡಿಗೆ ಮೇಲೆ ಎಲ್ಲ ಭಾರ ಹಾಕಬೇಡಿ

ನನ್ನಷ್ಟು ತೂಕದವರು ಒಂದು ತಾಸು ಬಿರುಸಾಗಿ ನಡೆದರೆ ಸುಮ್ಮನೆ ಕೂತದ್ದಕ್ಕಿಂತ 250 ಕ್ಯಾಲರಿ ಆಸುಪಾಸು ಜಾಸ್ತಿ ಖರ್ಚಾಗುತ್ತದೆ. ವಾಪಸ್ ಬರುವಾಗ ಎರಡು ಮಿರ್ಚಿ ಭಜಿ ತಿಂದರೆ ಲೆಕ್ಕ ಚುಕ್ತಾ. ಬರೀ ನಡಿಗೆಯಿಂದ ತೂಕ ಇಳಿಸುತ್ತೇನೆ ಅಂತ ಹೊರಟವರು ಎರಡು ತಿಂಗಳಿಗೆ ಬೇಸತ್ತು ನಿಲ್ಲಿಸೋದು ಇದಕ್ಕೇ. ನಡಿಗೆ ಬೇಕಾಗಿರೋದು ಬೇರೆ ಕೆಲಸಕ್ಕೆ: ಶುಗರ್, ಬಿಪಿ ಹತೋಟಿಗೆ, ಇಳಿದ ತೂಕ ಮತ್ತೆ ಏರದ ಹಾಗೆ ನೋಡಿಕೊಳ್ಳಲು. ವಾರಕ್ಕೆ 150 ನಿಮಿಷ ಕಡಿಮೆಯೆಂದರೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ಬಿಸಿಲು, ಹಾಗಾಗಿ ಐದೂವರೆಗೆ ಹೊರಡಿ. ನವನಗರದ ರಸ್ತೆಗಳು ಅಗಲ ಇವೆ, ನಡೆಯೋಕೆ ಅನುಕೂಲ. ನಾಯಿಗಳಿಗೆ ಒಂದು ಕೋಲು ಕೈಯಲ್ಲಿರಲಿ.

ನಡಿಗೆಯ ಜೊತೆ ಬೈಠಕ್ ಮರೆಯಬೇಡಿ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ, ಅದನ್ನು ಉಳಿಸಿಕೊಳ್ಳಬೇಕು. ಜಿಮ್ ಬೇಕಿಲ್ಲ. ಮೊದಲ ವಾರ ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರಿ. ಆಮೇಲೆ ಕುರ್ಚಿ ಬಿಟ್ಟು ಗರಡಿಮನೆಯ ಬೈಠಕ್, ವಾರಕ್ಕೆ ಮೂರು ದಿನ. ಮೊಣಕಾಲು ನೋವಿದ್ದವರು ಕುರ್ಚಿಯಲ್ಲೇ ಇರಿ.

ನಿದ್ದೆಯೂ ಲೆಕ್ಕಕ್ಕಿದೆ. ರಾತ್ರಿ ಐದು ತಾಸು ಮಲಗಿದ ಮರುದಿನ ನನ್ನ ನೋಟ್‌ಬುಕ್ಕಿನ ಪುಟ ಯಾವಾಗಲೂ ಉದ್ದ.

ಹಂತ 7: ತೂಕ ನಿಂತುಬಿಟ್ಟಾಗ ಹೆದರಬೇಡಿ

ಮೊದಲ ಎರಡು ವಾರ ಸರಸರ ಇಳಿಯುತ್ತದೆ. ಅದರಲ್ಲಿ ಹೆಚ್ಚು ಪಾಲು ನೀರು. ಹಿಂದೆ ಒಬ್ಬರು ಮಾತಾಡಿ ಮಾತಾಡಿ ನನಗೆ ಒಂದು ಪೌಡರ್ ಡಬ್ಬಿ ಹಚ್ಚಿದ್ದರು. ಊಟದ ಬದಲು ಅದನ್ನೇ ಕುಡಿದು 20 ದಿನಕ್ಕೆ 5 ಕೆಜಿ ಇಳಿದೆ. ಬಿಟ್ಟ ಮೂರು ತಿಂಗಳಲ್ಲಿ 7 ಕೆಜಿ ಏರಿತು. "ನಿಮಗ ಮನಸ್ಸಿನ ಹಿಡಿತಾನ ಇಲ್ಲ ನೋಡ್ರಿ" ಅಂತ ಅವರಿಂದಲೇ ಬೈಸಿಕೊಂಡೆ.

ಹಿಡಿತದ ಪ್ರಶ್ನೆ ಇದಲ್ಲ. ಹಿಂದೆ ನಮ್ಮ ಕಡೆ ಜೋಳವನ್ನು ಹಗೇವಿನಲ್ಲಿ, ಅಂದರೆ ನೆಲದಡಿಯ ಕಣಜದಲ್ಲಿ ತುಂಬಿಡುತ್ತಿದ್ದರು. ಹಗೇವು ಬರಿದಾಗುತ್ತಾ ಬಂದರೆ ಮನೆಯ ಯಜಮಾನಿ ಏನು ಮಾಡುತ್ತಿದ್ದಳು? ಖರ್ಚು ಹಿಡಿಯುತ್ತಿದ್ದಳು, ಎಲ್ಲಿಂದಾದರೂ ಕಾಳು ತನ್ನಿ ಅಂತ ಗಂಡನ ಬೆನ್ನು ಹತ್ತುತ್ತಿದ್ದಳು. ನಮ್ಮ ಮೈಯೂ ಅದನ್ನೇ ಮಾಡುತ್ತದೆ. ಕೊಬ್ಬಿನ ಕೋಶಗಳು ಲೆಪ್ಟಿನ್ ಎಂಬ ಹಾರ್ಮೋನು ಹೊರಡಿಸುತ್ತವೆ. 1994ರಲ್ಲಿ ನ್ಯೂಯಾರ್ಕಿನ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಇದನ್ನು ಕಂಡುಹಿಡಿಯಿತು. ಕೊಬ್ಬು ಕರಗಿದರೆ ಲೆಪ್ಟಿನ್ ಇಳಿಯುತ್ತದೆ, ಹಗೇವು ಬರಿದಾಯಿತು ಅಂತ ಮಿದುಳಿಗೆ ಸುದ್ದಿ ಮುಟ್ಟುತ್ತದೆ. ಹಸಿವು ಏರುತ್ತದೆ, ಮೈಯ ಖರ್ಚು ತಗ್ಗುತ್ತದೆ. ಅಮೆರಿಕದಲ್ಲಿ ತೂಕ ಇಳಿಸುವ ಟಿವಿ ಸ್ಪರ್ಧೆಗೆ ಹೋಗಿದ್ದ 14 ಜನರನ್ನು ಆರು ವರ್ಷದ ನಂತರ ಪರೀಕ್ಷಿಸಿ 2016ರಲ್ಲಿ ವರದಿ ಬರೆದರು. ಹೆಚ್ಚಿನವರ ತೂಕ ವಾಪಸ್ ಬಂದಿತ್ತು. ಆದರೂ ಅವರ ಮೈ ಸುಮ್ಮನೆ ಕೂತಾಗ ಖರ್ಚು ಮಾಡುವ ಶಕ್ತಿ ಲೆಕ್ಕಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲರಿ ಕಡಿಮೆಯೇ ಉಳಿದಿತ್ತು.

ಆದ್ದರಿಂದ ಅವಸರ ಬೇಡ. ತಿಂಗಳಿಗೆ ಒಂದು, ಒಂದೂವರೆ ಕೆಜಿ ಇಳಿದರೆ ಬೇಕಾದಷ್ಟಾಯಿತು. ಮೊದಲ ಗುರಿ ಈಗಿರುವ ತೂಕದ 7% ಇಟ್ಟುಕೊಳ್ಳಿ. ನನಗೆ ಅದು 6 ಕೆಜಿ. ಶುಗರ್ ಬರುವ ಅಂಚಿನಲ್ಲಿದ್ದವರ ಮೇಲೆ ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಅದರಲ್ಲಿ ಇಷ್ಟೇ ಗುರಿ, ವಾರಕ್ಕೆ 150 ನಿಮಿಷ ನಡಿಗೆ. ಸಕ್ಕರೆ ಕಾಯಿಲೆ ಬರುವ ಸಂಭವ 58% ಕಡಿಮೆಯಾಯಿತು. 7% ಇಳಿದ ಮೇಲೆ ಎರಡು ತಿಂಗಳು ಅಲ್ಲೇ ನಿಲ್ಲಿ. ನಿಲ್ಲಿಸಿಕೊಳ್ಳೋದನ್ನು ಕಲಿಯಲೂ ದಿನ ಬೇಕು. ನನಗೆ ನಾಲ್ಕನೇ ತಿಂಗಳಿಂದ ಆರನೇ ತಿಂಗಳವರೆಗೆ ತಕ್ಕಡಿ ಕದಲಲೇ ಇಲ್ಲ. ಆದರೆ ಉಡದಾರ ಒಂದು ಬೆರಳು ಸಡಿಲಾಗಿತ್ತು.

ಹಂತ 8: "ಯಾಕ ಸೊರಗೀರಿ?" ಅನ್ನುವವರಿಗೆ ಉತ್ತರ ಸಿದ್ಧ ಇಟ್ಟುಕೊಳ್ಳಿ

ಐದು ಕೆಜಿ ಇಳಿದೊಡನೆ ಶುರುವಾಗುತ್ತದೆ. "ಯಾಕ ಸೊರಗೀರಿ? ಶುಗರ್ ಬಂತೇನ್ರಿ?" ದಪ್ಪ ಇದ್ದಾಗ ಇಷ್ಟು ಕಾಳಜಿ ಯಾರೂ ಮಾಡಿರಲಿಲ್ಲ. ಅತ್ತೆಯ ಮನೆಗೆ ಹೋದರೆ ಕೈ ಅಡ್ಡ ಹಿಡಿದರೂ ಶೇಂಗಾ ಹೋಳಿಗೆ ಗಂಗಾಳಕ್ಕೆ ಬಿದ್ದೇ ಬೀಳುತ್ತದೆ. ಅದರ ಮೇಲೆ ತುಪ್ಪ. ಬೇಡ ಅಂದರೆ ಅವರಿಗೆ ನೋವು. ಒಂದೇ ತಿನ್ನಿ, ನಿಧಾನ ತಿನ್ನಿ, ಎಲ್ಲರಿಗಿಂತ ಕೊನೆಗೆ ಮುಗಿಸಿ. ಖಾಲಿ ಗಂಗಾಳ ಕಂಡರೆ ತಾನೇ ನೀಡೋದು? "ಡಾಕ್ಟರ್ ಬ್ಯಾಡ ಅಂದಾರ್ರಿ ಅತ್ತಿ" ಅನ್ನೋ ಮಾತು ನಮ್ಮ ಮನಸ್ಸಿನ ಮಾತಿಗಿಂತ ಚೆನ್ನಾಗಿ ನಡೆಯುತ್ತದೆ. ಲಗ್ನದ ಸುಗ್ಗಿಯಲ್ಲಿ ಇಳಿಸುವ ಆಸೆ ಬಿಡಿ, ಏರದಿದ್ದರೆ ಸಾಕು.

ಹಂತ 9: ಡಾಕ್ಟರ್ ಹತ್ತಿರ ಯಾವಾಗ

ಶುಗರಿಗೆ ಗುಳಿಗೆ ಅಥವಾ ಇನ್ಸುಲಿನ್ ತಗೊಳ್ಳುವವರು ಊಟ ಕಡಿಮೆ ಮಾಡುವ ಮೊದಲೇ ಕೇಳಿ. ಇಲ್ಲದಿದ್ದರೆ ಸಕ್ಕರೆ ಪ್ರಮಾಣ ದಿಢೀರ್ ಇಳಿದು ತಲೆಸುತ್ತು ಬರಬಹುದು. ಬಸುರಿಯರು ತೂಕ ಇಳಿಸುವ ಮಾತೇ ಬೇಡ. ತಿನ್ನೋದು ಬದಲಾಗದೆ ತೂಕ ಏರುತ್ತಿದ್ದರೆ, ಜೊತೆಗೆ ಸುಸ್ತು, ಮಲಬದ್ಧತೆ, ಚಳಿ ತಡೆಯದಿರುವುದು ಇದ್ದರೆ ಥೈರಾಯ್ಡ್ ನೋಡಿಸಿ. ಮುಟ್ಟು ಏರುಪೇರಾದ ಹೆಣ್ಣುಮಕ್ಕಳು ಪಿಸಿಒಎಸ್ (ಹಾರ್ಮೋನು ಏರುಪೇರಾಗಿ ಅಂಡಾಶಯಕ್ಕೆ ಬರುವ ತೊಂದರೆ) ಬಗ್ಗೆ ಕೇಳಿ. ಸ್ಟೀರಾಯ್ಡ್, ಮಾನಸಿಕ ಕಾಯಿಲೆಯ ಕೆಲವು ಔಷಧಿಗಳಿಂದಲೂ ತೂಕ ಏರುತ್ತದೆ. ಅವನ್ನು ನೀವಾಗಿ ನಿಲ್ಲಿಸಬೇಡಿ. ಜೋರಾಗಿ ಗೊರಕೆ ಹೊಡೆದು ಹಗಲೆಲ್ಲ ತೂಕಡಿಸುವವರೂ ತೋರಿಸಿಕೊಳ್ಳಿ. ಮೂವತ್ತು ದಾಟಿದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತ.

ಹೊಸ ಇಂಜೆಕ್ಷನ್‌ಗಳ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. ಮೌಂಜಾರೊ, ವೆಗೋವಿ 2025ರಲ್ಲಿ ನಮ್ಮ ದೇಶಕ್ಕೆ ಬಂದವು. ಹಸಿವು ತಗ್ಗಿಸುತ್ತವೆ, ಕೆಲಸ ಮಾಡುತ್ತವೆ, ಇದು ಖರೆ. ನಿಲ್ಲಿಸಿದರೆ ತೂಕದ ದೊಡ್ಡ ಪಾಲು ಮರಳಿ ಬರುತ್ತದೆ, ಇದೂ ಖರೆ. ಯಾರಿಗೆ ಬೇಕು ಅನ್ನೋದನ್ನು ಡಾಕ್ಟರ್ ಹೇಳಲಿ. ಮೆಡಿಕಲ್ ಅಂಗಡಿಯ ಪರಿಚಯದ ಮೇಲೆ ಚುಚ್ಚಿಸಿಕೊಳ್ಳಬೇಡಿ.

ಹಂತ 10: ಎರಡು ಕೆಜಿಯ ಗೆರೆ

ಭಾನುವಾರ ಬೆಳಿಗ್ಗೆ, ಸಂಡಾಸಕ್ಕೆ ಹೋಗಿ ಬಂದ ಮೇಲೆ, ಚಹಾಕ್ಕೆ ಮೊದಲು ತೂಗಿ. ದಿನಾ ತೂಗಿ ಕೊರಗಬೇಡಿ. ಇಳಿಸಿಕೊಂಡ ತೂಕದ ಮೇಲೆ ಎರಡು ಕೆಜಿ ಏರಿದ ಭಾನುವಾರ, ಯಾಕೆ ಏರಿತು ಅಂತ ವಾದ ಮಾಡದೆ, ನೋಟ್‌ಬುಕ್ ತೆಗೆದು ಮೂರನೇ ಹಂತದಿಂದ ಮತ್ತೆ ಶುರು ಮಾಡಿ. ಕಳೆದ ಶ್ರಾವಣದಲ್ಲಿ ನನಗೆ ಹಾಗಾಯಿತು. ಬರೆದು ನೋಡಿದರೆ ಚಹಾ ಮತ್ತೆ ಐದಕ್ಕೆ ಹೋಗಿ ನಿಂತಿತ್ತು.